ನಾಲ್ಕು ದನಿ, ಒಂದು ಪದ: ಕೊಪ್ಪಳ ಸೀಮೆಯ ಹೊಸ ಮೇಳ ಹೇಗೆ ಹಾಡುತ್ತದೆ?

ಈ ಮೇಳಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕರಪತ್ರದಲ್ಲಿ ‘ಜಾನಪದ ಮತ್ತು ಅಮೆರಿಕಾನಾ ಹಾಡುಗಳು’ ಎಂದಷ್ಟೇ ಇರುತ್ತದೆ. ಅದರ ಕೆಳಗೆ ನಾಲ್ವರ ಊರು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಸಿಂಧನೂರು. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡಸರು. ಒಂದು ಗಿಟಾರು, ಐದು ತಂತಿಯ ಒಂದು ಬ್ಯಾಂಜೊ, ಒಂದು ಪೇಟಿ (ಹಾರ್ಮೋನಿಯಂ), ಒಂದು ದಮ್ಮಡಿ, ಒಂದು ಜೊತೆ ತಾಳ. ಒಂದೂವರೆ ತಾಸಿನಲ್ಲಿ 14 ಹಾಡು ಹಾಡುತ್ತಾರೆ, 8 ಕನ್ನಡದವು, 6 ಇಂಗ್ಲಿಷಿನವು. ಕೊಪ್ಪಳದ ಒಂದು ಸಣ್ಣ ಸಭಾಂಗಣ, ಕುಷ್ಟಗಿ ಕಡೆಯ ಒಂದು ಹಳ್ಳಿಯ ಗುಡಿಕಟ್ಟೆ, ರಾಯಚೂರಿನ ಒಂದು ಕಲ್ಯಾಣ ಮಂಟಪ, ಈ ಮೂರೂ ಕಡೆ ಕೇಳಿದ ಮೇಲೆ ಬರೆದ ವಿಮರ್ಶೆ ಇದು. ಮೇಳವನ್ನು ಕರೆಸಬೇಕು ಅಂದುಕೊಂಡಿರುವ ಮಠ, ಕಾಲೇಜು, ಯುವಕ ಸಂಘದವರಿಗೂ, ಇಂಥದ್ದೇ ಮೇಳ ಕಟ್ಟಬೇಕೆನ್ನುವ ಹುಡುಗ ಹುಡುಗಿಯರಿಗೂ ಬೇಕಾದ ವಿವರ ಇದರಲ್ಲಿದೆ.

ಮೊದಲೇ ಹೇಳಿಬಿಡಬೇಕು, ಮೇಳ ಚೆನ್ನಾಗಿದೆ. ಇನ್ನೂ ಚೆನ್ನಾಗಿ ಆಗುವುದಕ್ಕೆ ಅಡ್ಡ ಬರುತ್ತಿರುವುದು ಒಂದೇ ಸಂಗತಿ: ಎಲ್ಲ ಪದಕ್ಕೂ ಒಂದೇ ಅಳತೆಯ ಅಂಗಿ ಹೊಲಿಯುತ್ತಿದ್ದಾರೆ.

ನಮ್ಮ ಭಜನಾ ಮೇಳದಲ್ಲಿ ಎಂಟು ಜನ ಕೂತರೂ ಎಂಟೂ ಜನ ಹಾಡುವುದು ಒಂದೇ ಸ್ವರ. ಒಬ್ಬರು ಎತ್ತುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕಣದಲ್ಲಿ ಹಾಡುವ ಹಂತಿಪದದಲ್ಲೂ ಹಾಗೆ, ಮೊಹರಂ ಹೊತ್ತಿನ ರಿವಾಯತ್ ಪದದಲ್ಲೂ ಹಾಗೆ. ಈ ಮೇಳ ಮಾಡುವುದು ಬೇರೆ. ಮಾತು ಒಂದೇ, ನಡೆ ಒಂದೇ, ಆದರೆ ಒಬ್ಬರು ಸ ಮೇಲೆ ನಿಂತಾಗ ಇನ್ನೊಬ್ಬರು ಗ ಮೇಲೆ, ಮತ್ತೊಬ್ಬರು ಕೆಳಗಿನ ಪ ಮೇಲೆ ನಿಲ್ಲುತ್ತಾರೆ. ಬಳ್ಳಾರಿ, ರಾಯಚೂರು ಕಡೆಯ ಚರ್ಚುಗಳ ಹೊರಗೆ ಇದು ಕೇಳಸಿಗುವುದು ಅಪರೂಪ. ಅದಕ್ಕೇ ಮೊದಲ ಸಲ ಕೇಳುವ ಹಿರಿಯರು ‘ಒಬ್ಬೊಬ್ಬರು ಒಂದೊಂದು ಸುರದಾಗ ಹಾಡಾಕತ್ತಾರಲ್ಲ’ ಅಂತ ಪಕ್ಕದವರನ್ನು ಕೇಳುತ್ತಾರೆ. ಎರಡನೆಯ ಹಾಡಿಗೆ ಕಿವಿ ಹೊಂದಿಕೊಳ್ಳುತ್ತದೆ.

ಅಮೆರಿಕಾನಾ ಎಂದರೆ ಒಂದೇ ಬಗೆಯ ಹಾಡಲ್ಲ. ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನ ಬಡ ರೈತರ ಹಾಡು, ಗಣಿ ಕಾರ್ಮಿಕರ ಹಾಡು, ಕರಿಯರ ಬ್ಲೂಸ್ ಮತ್ತು ದೇವರ ಹಾಡು, ಬ್ಲೂಗ್ರಾಸ್, ಹಳೆಯ ಕಂಟ್ರಿ ಎಲ್ಲ ಸೇರಿದ ಬುಟ್ಟಿಗೆ 1990ರ ದಶಕದಿಂದೀಚೆಗೆ ಬಳಕೆಗೆ ಬಂದ ಹೆಸರು. ಟೆನೆಸ್ಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಎಂಬ ಊರಿನಲ್ಲಿ 1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬ ಧ್ವನಿಮುದ್ರಣಕಾರ ಬೆಟ್ಟದ ಹಾಡುಗಾರರನ್ನು ಕರೆಸಿ ಹಾಡಿಸಿದ. ಕಾರ್ಟರ್ ಕುಟುಂಬದ ಮೂವರು ಮೊದಲು ಪ್ಲೇಟಿಗೆ ಹಾಡಿದ್ದು ಅಲ್ಲೇ. ಸಾರಾ ಮುಖ್ಯ ದನಿ, ಮೇಬೆಲ್ ಜೊತೆ ದನಿ ಮತ್ತು ಗಿಟಾರು, ಎ.ಪಿ. ಕಾರ್ಟರ್ ತನಗೆ ಬೇಕೆನಿಸಿದ ಕಡೆ ಮಾತ್ರ ಕೆಳದನಿಯಲ್ಲಿ ಬಂದು ಸೇರುತ್ತಿದ್ದ. ನಮ್ಮ ಮೇಳದ ಕೆಳದನಿಯ ಹುಡುಗ ಕಲಿತದ್ದು ಈ ಪಾಠವನ್ನೇ ಎಂದು ಕಾಣುತ್ತದೆ. ಇಡೀ ಹಾಡಿಗೆ ಅಂಟಿಕೊಳ್ಳದೆ ಸಾಲಿನ ಕೊನೆಗೆ ಬಂದು ಕೂಡುತ್ತಾನೆ, ಮೇಳದ ಅಂದ ಅರ್ಧ ಅಲ್ಲಿದೆ.

ಈಗ ಶ್ರುತಿಯ ಮಾತು. ಇವರು ಹೆಚ್ಚಿನ ಹಾಡುಗಳನ್ನು ಕರಿ ನಾಲ್ಕಕ್ಕೆ, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆಯನ್ನು ಸ ಮಾಡಿಕೊಂಡು ಹಾಡುತ್ತಾರೆ. ಹೆಣ್ಣುಮಕ್ಕಳ ಗಂಟಲಿಗೆ ಅದು ಸರಿಯಾದ ಸ. ಭಜನಾ ಮೇಳದಲ್ಲಿ ಗಂಡಸರೂ ಹೆಂಗಸರೂ ಕೂಡಿ ಹಾಡುವಾಗ ಬರುವ ತೊಂದರೆ ಎಲ್ಲರಿಗೂ ಗೊತ್ತು. ಕರಿ ಒಂದಕ್ಕೆ ಇಟ್ಟರೆ ಹೆಣ್ಣುಮಕ್ಕಳ ದನಿ ಕೆಳಗೆ ಹೂತುಹೋಗುತ್ತದೆ, ಕರಿ ನಾಲ್ಕಕ್ಕೆ ಇಟ್ಟರೆ ಗಂಡಸರು ಮೇಲಿನ ಪ ಮುಟ್ಟುವಾಗ ಕೂಗಾಗುತ್ತದೆ. ದನಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಈ ತೊಂದರೆ ತಾನಾಗಿ ಹೋಗುತ್ತದೆ. ತಾಳ ಹಿಡಿದಾಕೆ ನಡುದನಿ, ಪದದ ಧಾಟಿ ಆಕೆಯದು. ಗಿಟಾರು ಹಿಡಿದಾಕೆ ಅದರ ಮೇಲಿನ ದನಿ. ಬ್ಯಾಂಜೊ ಹಿಡಿದವನು ನಡುದನಿಯ ಕೆಳಗೆ. ಪೇಟಿಯವನು ತಳದ ದನಿ. ಬ್ಲೂಗ್ರಾಸ್ ಹಾಡುಗಾರರು ಧಾಟಿಯ ಮೇಲಿನ ದನಿಗೆ ಟೆನರ್ ಎನ್ನುತ್ತಾರೆ, ಕೆಳಗಿನದಕ್ಕೆ ಬ್ಯಾರಿಟೋನ್ ಎನ್ನುತ್ತಾರೆ. ಟೆನರನ್ನು ಹೆಣ್ಣೂ ಹಾಡಬಹುದು, ಗಂಡೂ ಹಾಡಬಹುದು, ಅದು ಗಂಟಲಿನ ಹೆಸರಲ್ಲ, ಜಾಗದ ಹೆಸರು.

ಜೋಡಣೆ ಹೇಗೆಂದರೆ, ನಡುದನಿ ಸ ಮೇಲಿದ್ದಾಗ ಮೇಲಿನಾಕೆ ಗ, ಕೆಳಗಿನವನು ಮಂದ್ರದ ಪ. ನಡುದನಿ ಗ ಮುಟ್ಟಿದರೆ ಮೇಲಿನಾಕೆ ಪ ಸ್ವರಕ್ಕೆ ಏರುತ್ತಾಳೆ, ಕೆಳಗಿನವನು ಸ ಸ್ವರಕ್ಕೆ ಬರುತ್ತಾನೆ. ನಡುದನಿ ಪ ಮುಟ್ಟಿದರೆ ಮೇಲೆ ತಾರದ ಸ, ಕೆಳಗೆ ಗ. ಮೂವರೂ ಒಟ್ಟಿಗೆ ಏಣಿಯ ಒಂದೊಂದು ಮೆಟ್ಟಿಲು ಹತ್ತಿ ಇಳಿದಂತೆ. ತಳದ ದನಿ ಮಾತ್ರ ಮಂದ್ರದ ಸ ಬಿಟ್ಟು ಹೆಚ್ಚು ಅಲ್ಲಾಡುವುದಿಲ್ಲ. ಕರಿ ನಾಲ್ಕರ ಲೆಕ್ಕದಲ್ಲಿ ಆ ಸ ಸೆಕೆಂಡಿಗೆ ಸುಮಾರು 104 ಕಂಪನದಷ್ಟು ಕೆಳಗೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮೈಕಿನವರ ಹತ್ತಿರ ಮಾತಾಡುವಾಗ ಬೇಕಾಗುತ್ತದೆ.

ಇಂಗ್ಲಿಷ್ ಹಾಡುಗಳಲ್ಲಿ ಈ ಏಣಿ ಎಲ್ಲೂ ಜಾರುವುದಿಲ್ಲ. ಜಾರುವುದು ನಮ್ಮ ತತ್ವಪದದಲ್ಲಿ. ಕಾರ್ಯಕ್ರಮದ ಮೂರನೆಯ ಹಾಡು ಭೂಪಾಲಿ ರಾಗದ ನೆರಳಿರುವ ಒಂದು ತತ್ವಪದ. ಸ ರಿ ಗ ಪ ಧ, ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಪಲ್ಲವಿಯ ಮೊದಲ ಸಾಲು ರಿ ಮೇಲೆ ಬಂದು ನಿಲ್ಲುತ್ತದೆ. ಆ ಜಾಗದಲ್ಲಿ ಕೆಳಗಿನ ದನಿಯವನು ಗಿಟಾರಿನ ಚಾಳಿಗೆ ಬಿದ್ದು ಮಂದ್ರದ ನಿ ಹಿಡಿಯುತ್ತಾನೆ. ಪ ನಿ ರಿ ಎಂಬುದು ಅಲ್ಲಿನ ಹಾಡಿಗೆ ಸಹಜವಾದ ಜೋಡಣೆ, ಗಿಟಾರಿನ ಬೆರಳೂ ಅಲ್ಲಿಗೇ ಹೋಗುತ್ತದೆ. ಆದರೆ ಭೂಪಾಲಿಯಲ್ಲಿ ಇಲ್ಲದ ಸ್ವರ ಒಂದು ಒಳಗೆ ಬಂತೆಂದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆರಳು ಬಿದ್ದ ಸೀಮೆ ಇದು, ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರನ್ನು ಕೇಳಿ ಬೆಳೆದ ಕಿವಿಗಳು ರಾಯಚೂರಿನಲ್ಲಿ ಇನ್ನೂ ಇವೆ. ರಾಗದ ಹೆಸರು ಗೊತ್ತಿಲ್ಲದವರಿಗೂ ಅಲ್ಲಿ ಚುಚ್ಚುತ್ತದೆ. ರಾಯಚೂರಿನಲ್ಲಿ ಮುಂದಿನ ಸಾಲಿನ ಹಿರಿಯರು ಆ ಜಾಗ ಬಂದಾಗಲೆಲ್ಲ ತಲೆ ತೂಗುವುದನ್ನು ನಿಲ್ಲಿಸುತ್ತಿದ್ದರು, ಸಾಲು ಮುಗಿದ ಮೇಲೆ ಮತ್ತೆ ತೂಗುತ್ತಿದ್ದರು.

ಇದಕ್ಕೆ ಪರಿಹಾರ ಅಮೆರಿಕದ ಹಳ್ಳಿಯಲ್ಲೇ ಇದೆ, ಆದರೆ ಬ್ಲೂಗ್ರಾಸಿನಲ್ಲಿ ಅಲ್ಲ. ದಕ್ಷಿಣದ ಜಾರ್ಜಿಯಾ, ಅಲಬಾಮಾ ಕಡೆ ಶೇಪ್ ನೋಟ್ ಎಂಬ ಹಾಡುವ ಪದ್ಧತಿ ಇದೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಸೇಕ್ರೆಡ್ ಹಾರ್ಪ್ ಪುಸ್ತಕ ಮೊದಲು ಅಚ್ಚಾದದ್ದು 1844ರಲ್ಲಿ. ಸ್ವರಲಿಪಿ ಓದಲು ಬಾರದವರಿಗೆ ಹಾಡು ಕಲಿಸಲು ಸ್ವರಗಳಿಗೆ ನಾಲ್ಕು ಆಕಾರ ಕೊಟ್ಟಿದ್ದಾರೆ: ಫ ಎಂದರೆ ತ್ರಿಕೋನ, ಸೋಲ್ ಎಂದರೆ ದುಂಡು, ಲ ಎಂದರೆ ಚೌಕ, ಮಿ ಎಂದರೆ ಹರಳಿನ ಆಕಾರ. ಸಾಹಿತ್ಯ ಹಾಡುವುದಕ್ಕೆ ಮೊದಲು ಒಂದು ಸುತ್ತು ಈ ಸ್ವರಗಳನ್ನೇ ಹಾಡುತ್ತಾರೆ, ನಮ್ಮಲ್ಲಿ ಸರಿಗಮ ಹಾಡಿ ಆಮೇಲೆ ಸಾಹಿತ್ಯಕ್ಕೆ ಬಂದ ಹಾಗೆ. ನಾಲ್ಕು ಗುಂಪು ನಾಲ್ಕು ದಿಕ್ಕಿಗೆ ಚೌಕವಾಗಿ ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತವೆ. ಕೇಳುವವರು ಎಂದು ಬೇರೆ ಯಾರೂ ಇರಬೇಕಾಗಿಲ್ಲ, ಕೂತವರೆಲ್ಲ ಹಾಡುವವರೇ. ಅಮಾವಾಸ್ಯೆ ಭಜನೆಗೆ ಕೂತವರಿಗೆ ಇದು ಹೊಸದೇನಲ್ಲ.

ಈ ಪದ್ಧತಿಯಲ್ಲಿ ನಮಗೆ ಬೇಕಾದ ಸಂಗತಿ ಎಂದರೆ, ಅಲ್ಲಿ ಗ ಇಲ್ಲದ ಜೋಡಣೆ ಹೆಚ್ಚು. ಸ ಮತ್ತು ಪ ಎರಡೇ, ಅಥವಾ ರಿ ಮತ್ತು ಪ. ನಡುವೆ ಖಾಲಿ ಬಿಡುತ್ತಾರೆ. ಒಳಗೆ ಗಾಳಿ ಆಡಿದಂತೆ ಒರಟಾಗಿ, ತೆರೆದಂತೆ ಕೇಳುತ್ತದೆ. ಅಲ್ಲಿನ ಎಷ್ಟೋ ಧಾಟಿಗಳೂ ಐದು ಸ್ವರದವೇ, ಕೆಲವು ಭೂಪಾಲಿಯ ಸ್ವರಗಳ ಮೇಲೆ ಹಾಗೇ ಕೂರುತ್ತವೆ, ಕೆಲವು ಧಾನಿ ರಾಗಕ್ಕೆ ಹತ್ತಿರ. ಹಾಗಾಗಿ ಆ ತತ್ವಪದ ರಿ ಮೇಲೆ ನಿಂತಾಗ ಮೇಲಿನ ದನಿ ಪ, ಕೆಳಗಿನ ದನಿ ಮಂದ್ರದ ಪ ಹಿಡಿದರೆ ಸಾಕು. ನಿ ಮುಟ್ಟಬೇಕಾಗಿಲ್ಲ, ರಾಗ ಕೆಡುವುದಿಲ್ಲ, ಮೂರು ದನಿಯ ತೂಕವೂ ಉಳಿಯುತ್ತದೆ. ಗಿಟಾರಿನವಳು ಆ ಜಾಗದಲ್ಲಿ ತುಂಬು ಸ್ವರಗುಚ್ಛ (ಕಾರ್ಡ್) ಬಿಟ್ಟು ಪ ಮತ್ತು ರಿ ತಂತಿಗಳನ್ನಷ್ಟೇ ಮೀಟಬೇಕು, ಇಲ್ಲದಿದ್ದರೆ ಗಂಟಲು ಬಿಟ್ಟ ನಿ ತಂತಿಯಿಂದ ಬಂದುಬಿಡುತ್ತದೆ.

ಇನ್ನೊಂದು ಕಡೆ ಎಡವುವುದು ಎಳೆತದಲ್ಲಿ. ತತ್ವಪದದ ನುಡಿ ಹಾಡುವಾಗ ಧಾಟಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಒಬ್ಬರ ಗಂಟಲು ಜಾರಿದರೆ ಅದು ಮೀಂಡ್. ಮೂವರು ಮೂರು ಸ್ವರದ ಮೇಲೆ ಜಾರಿದರೆ ಮೂರೂ ದನಿ ಒಂದೇ ಹೊತ್ತಿಗೆ ತಲುಪುವುದಿಲ್ಲ, ಅಷ್ಟು ಹೊತ್ತು ಕೇಳುವುದು ಗದ್ದಲ. ನುಡಿಯನ್ನು ನಡುದನಿಯಾಕೆಗೇ ಬಿಟ್ಟುಕೊಡಬೇಕು. ಉಳಿದ ಮೂವರು ಸ, ಪ ಹಿಡಿದು ಬಾಯಿ ಮುಚ್ಚಿ ಗುಂಯ್‌ಗುಟ್ಟಿದರೂ ಸಾಕು, ಪಲ್ಲವಿಗೆ ಬಂದಾಗ ಕೂಡಿಕೊಳ್ಳಲಿ. ಏಳನೆಯ ಹಾಡಿನಲ್ಲಿ ಇವರು ಇದನ್ನೇ ಮಾಡುತ್ತಾರೆ, ಪಲ್ಲವಿ ಬಂದು ಮೂರು ದನಿ ಒಮ್ಮೆಗೇ ತೆರೆದುಕೊಂಡಾಗ ಮೈ ಜುಮ್ಮೆನ್ನುತ್ತದೆ. ಅದೇ ಬುದ್ಧಿ ಮೂರನೆಯ ಹಾಡಿಗೆ, ಹತ್ತನೆಯ ಹಾಡಿಗೆ ಯಾಕೆ ಬರಲಿಲ್ಲವೋ.

ಪೇಟಿಯ ವಿಷಯ ಹೇಳಲೇಬೇಕು. ಈಗಿನ ಪೇಟಿಗಳ ಸ್ವರ ಹನ್ನೆರಡು ಸಮಪಾಲಿನದು. ಆ ಲೆಕ್ಕದ ಗ, ಗಂಟಲು ತಾನಾಗಿ ಹುಡುಕುವ ಗಕ್ಕಿಂತ ಸ್ವಲ್ಪ ಮೇಲಿದೆ, ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು. ಒಬ್ಬರೇ ಹಾಡುವಾಗ ಯಾರಿಗೂ ತಿಳಿಯುವುದಿಲ್ಲ. ಮೂರು ದನಿ ಕೂಡಿ ನಿಶ್ಚಲವಾಗಿ ನಿಂತಾಗ ತಿಳಿಯುತ್ತದೆ: ಕರಿ ನಾಲ್ಕರ ಶ್ರುತಿಯಲ್ಲಿ ಪೇಟಿಯ ಗ ಮತ್ತು ಗಂಟಲಿನ ಗ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 2 ಸಲ ದನಿ ಅಲೆಅಲೆಯಾಗಿ ಏರಿಳಿಯುತ್ತದೆ. ಹಾಡುವವರು ಏನೋ ಸರಿಯಿಲ್ಲ ಎಂದು ಸ್ವರ ತಿದ್ದಲು ಹೋಗುತ್ತಾರೆ, ಮೇಲಿನಾಕೆ ಏರಿಸುತ್ತಾಳೆ, ಕೆಳಗಿನವನು ಅವಳನ್ನು ಹಿಂಬಾಲಿಸುತ್ತಾನೆ, ನಾಲ್ಕನೆಯ ನುಡಿಗೆ ಇಡೀ ಮೇಳ ಪೇಟಿಗಿಂತ ಮೇಲೆ ಹೋಗಿರುತ್ತದೆ. ಕಲ್ಯಾಣ ಮಂಟಪದಲ್ಲಿ ಆದದ್ದು ಇದೇ. ಪೇಟಿಯವನು ಸ ಮತ್ತು ಪ ಬಿಟ್ಟು ಬೇರೆ ಮನೆ ಮುಟ್ಟದಿದ್ದರೆ ಆಯಿತು. ಪ ಸ್ವರದ ವ್ಯತ್ಯಾಸ ತೀರ ಸಣ್ಣದು, ಮೂರು ಸೆಕೆಂಡಿಗೊಂದು ಅಲೆ, ಕಿವಿಗೆ ಬೀಳುವುದೇ ಇಲ್ಲ. ಗುಡಿಕಟ್ಟೆಯಲ್ಲಿ ಪೇಟಿ ತರದೆ ಹಾಡಿದ ದಿನ ಇವರ ಗ ಎಷ್ಟು ತಂಪಾಗಿ ಕೂತಿತ್ತು ಎಂದರೆ, ನಾಲ್ಕೇ ಜನ ಹಾಡುತ್ತಿದ್ದರೂ ಐದನೆಯ ದನಿಯೊಂದು ಮೇಲೆಲ್ಲೋ ಕೇಳಿದಂತಾಗುತ್ತಿತ್ತು. ಅದು ಭ್ರಮೆಯಲ್ಲ. ಸ್ವರ ಶುದ್ಧವಾಗಿ ಕೂಡಿದಾಗ ಎಲ್ಲರ ದನಿಯೊಳಗೇ ಸಣ್ಣಗೆ ಮೊಳಗುವ ಮೇಲಿನ ಅನುಸ್ವರಗಳು ಒಂದೇ ಜಾಗಕ್ಕೆ ಬಂದು ಬೀಳುತ್ತವೆ.

ಬ್ಯಾಂಜೊ ಎಂದೊಡನೆ ನಮ್ಮ ಕಡೆ ನೆನಪಾಗುವುದು ಮದುವೆ ಮೆರವಣಿಗೆಯ, ಗುಂಡಿ ಒತ್ತಿ ನುಡಿಸುವ ವಾದ್ಯ. ಅದು ಬುಲ್‌ಬುಲ್ ತರಂಗ. ಇದು ಬೇರೆ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಸೋರೆಬುರುಡೆ, ಚರ್ಮದ ವಾದ್ಯಗಳ ನೆನಪನ್ನು ತಮ್ಮೊಂದಿಗೆ ಒಯ್ದು ಅಲ್ಲಿ ಕಟ್ಟಿಕೊಂಡದ್ದು. ಹಲಗೆಯಂತೆ ಬಿಗಿದ ಮುಖ, ಅದರ ಮೇಲೆ ತಂತಿ ಹೊರುವ ಕುದುರೆ, ಐದು ತಂತಿ. ಐದನೆಯದು ಗಿಡ್ಡ, ದಂಡಿಯ ನಡುವಿನಿಂದ ಹೊರಡುತ್ತದೆ, ಹೆಬ್ಬೆರಳಿಗೆ ಸಿಗುವಂತೆ ಎಲ್ಲಕ್ಕಿಂತ ಮೇಲೆ ಇರುತ್ತದೆ. ಸಾಮಾನ್ಯವಾಗಿ ಶ್ರುತಿ ಕೂಡಿಸುವುದು ಪ ಸ ಗ ಪ, ಗಿಡ್ಡ ತಂತಿ ತಾರದ ಸ. ಅಂದರೆ ಬರಿದೆ ಮೀಟಿದರೂ ಸ ಪ ಎರಡೂ ಮೊಳಗುತ್ತವೆ, ಏಕತಾರಿ ಹಿಡಿದವರಿಗೆ ಇದಕ್ಕಿಂತ ಹತ್ತಿರದ ನೆಂಟ ಬೇಕಿಲ್ಲ. ಉಗುರಿನಿಂದ ಕೆಳಗೆ ಹೊಡೆದು ಹೆಬ್ಬೆರಳಿನಿಂದ ಗಿಡ್ಡ ತಂತಿ ಕೀಳುವ ಕ್ಲಾಹ್ಯಾಮರ್ ಎಂಬ ಹಳೆಯ ಕೈ ಇವನಿಗೆ ಚೆನ್ನಾಗಿ ಒಲಿದಿದೆ. ಚೌಡಿಕೆಯ ಗತ್ತಿಗೆ ಅದು ಸಲೀಸಾಗಿ ಹೊಂದುತ್ತದೆ.

ಬ್ಯಾಂಜೊದಲ್ಲಿ ಎಡವಟ್ಟಾಗುವುದು ಶ್ರುತಿ ಬದಲಿಸುವಾಗ. ಖಾಲಿ ತಂತಿಯ ಸ ಬಿಳಿ ಐದಕ್ಕೆ ಇರುತ್ತದೆ. ಕರಿ ನಾಲ್ಕು ಬೇಕೆಂದರೆ ಮೊದಲ ಮನೆಗೆ ತಂತಿ ಒತ್ತಿ ಹಿಡಿಯುವ ಕ್ಯಾಪೊ ಎಂಬ ಚಿಮಟ ಬಿಗಿಯಬೇಕು. ಕ್ಯಾಪೊ ಹಿಡಿಯುವುದು ನಾಲ್ಕು ಉದ್ದ ತಂತಿಗಳನ್ನು ಮಾತ್ರ. ಗಿಡ್ಡ ತಂತಿಯನ್ನು ಬೇರೆಯಾಗಿ ಕಿವಿ ತಿರುಗಿಸಿ ಅರ್ಧಸ್ವರ ಏರಿಸಬೇಕು, ಮರೆತರೆ ಅದು ಬಿಳಿ ಐದರಲ್ಲೇ ಉಳಿದು ಪ್ರತಿ ಪೆಟ್ಟಿಗೂ ಸ ಪಕ್ಕದಲ್ಲಿ ಕೀರಲು ಸ್ವರವಾಗಿ ಮೊಳಗುತ್ತದೆ. ಕೊಪ್ಪಳದ ಕಾರ್ಯಕ್ರಮದ ಐದನೆಯ ಹಾಡು ಹಾಗೆ ಕೆಟ್ಟಿತು, ಎರಡು ಸಾಲು ಆದ ಮೇಲೆ ನಿಲ್ಲಿಸಿ ಸರಿಮಾಡಿಕೊಂಡರು. ನಿಲ್ಲಿಸಿದ್ದು ಒಳ್ಳೆಯದಾಯಿತು. ಒಂದೇ ಶ್ರುತಿಯ ಹಾಡುಗಳನ್ನು ಸಾಲಾಗಿ ಇಟ್ಟುಕೊಂಡರೆ ಕ್ಯಾಪೊ ತೆಗೆದು ಹಾಕುವ ಕೆಲಸ ಇಡೀ ಕಾರ್ಯಕ್ರಮದಲ್ಲಿ ಎರಡು ಸಲಕ್ಕೆ ಇಳಿಯುತ್ತದೆ. ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುವ ಬೇಸಿಗೆ. ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಒಳಗೆ ಶ್ರುತಿ ಮಾಡಿಕೊಂಡು ವೇದಿಕೆಗೆ ಬಂದರೆ ದೀಪದ ಬಿಸಿಗೆ ಮತ್ತೆ ಇಳಿಯುತ್ತದೆ. ವಾದ್ಯಗಳು ವೇದಿಕೆಯ ಮೇಲೆ, ದೀಪ ಹಚ್ಚಿದ ಜಾಗದಲ್ಲೇ ಇಪ್ಪತ್ತು ನಿಮಿಷ ಇದ್ದ ಮೇಲೆ ಶ್ರುತಿ ಮಾಡುವುದು ಸರಿ.

ಇಡೀ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಮೇಲಿನದು ಹಂತಿಪದ. ಅದೊಂದಕ್ಕಾಗಿಯೇ ಹೋಗಬಹುದು. ಕಣದಲ್ಲಿ ನಡುವೆ ಮೇಟಿ, ಅದರ ಸುತ್ತ ಎತ್ತುಗಳು ತೆನೆ ತುಳಿಯುತ್ತ ಸುತ್ತುವಾಗ ಹಿಂದೆ ನಡೆಯುವವರು ರಾತ್ರಿಯಿಡೀ ಹಾಡುತ್ತಿದ್ದ ಪದಗಳು ಇವು. ಒಕ್ಕುವ ಯಂತ್ರ ಬಂದ ಮೇಲೆ ಕಣದಲ್ಲಿ ಹಂತಿ ಕಟ್ಟುವುದು ನಿಂತಿತು, ಪದ ವೇದಿಕೆಗೆ ಬಂತು. ಹಂತಿಪದದಲ್ಲಿ ಎತ್ತುವವನ ಸಾಲು ಮುಗಿಯುವ ಮುಂಚೆಯೇ ಹಿಮ್ಮೇಳದವರು ಕೊನೆಯ ಅಕ್ಷರ ಹಿಡಿದು ಎಳೆಯುತ್ತಾರೆ. ಆ ಎಳೆತ ನಿಂತ ಮೇಲೆ ಮುಂದಿನ ಸಾಲು ಬರುವುದಿಲ್ಲ, ಎಳೆತದ ಮೇಲೆಯೇ ಬರುತ್ತದೆ. ಎತ್ತು ನಿಲ್ಲಬಾರದು, ಹಾಡೂ ನಿಲ್ಲಬಾರದು, ಹಾಗಾಗಿ ಈ ಹೆಣಿಗೆ.

ಈ ಮೇಳ ಜಾಣತನ ತೋರಿಸಿದ್ದು ಆ ಎಳೆತದಲ್ಲಿ. ಎತ್ತುವವರ ಸಾಲನ್ನು ಮುಟ್ಟುವುದೇ ಇಲ್ಲ, ಅದು ಕಣದಲ್ಲಿ ಹೇಗಿತ್ತೋ ಹಾಗೇ ಒಂಟಿ ದನಿ. ಹಿಮ್ಮೇಳದ ‘ಓ’ ಮಾತ್ರ ಸ, ಪ, ತಾರದ ಸ ಎಂದು ಮೂರಾಗಿ ಸೀಳುತ್ತದೆ, ಅದೂ ಒಮ್ಮೆಗೇ ಅಲ್ಲ. ಮೊದಲು ತಳದ ದನಿ, ಒಂದು ಹೆಜ್ಜೆ ಬಿಟ್ಟು ಕೆಳದನಿ, ಇನ್ನೊಂದು ಹೆಜ್ಜೆಗೆ ಮೇಲಿನಾಕೆ. ಎಲ್ಲರೂ ಒಂದೇ ಸಲ ಉಸಿರು ತೆಗೆದುಕೊಳ್ಳುವುದಿಲ್ಲ. ಒಬ್ಬರು ಎಳೆಯುವಾಗ ಇನ್ನೊಬ್ಬರು ಉಸಿರೆಳೆದು ಮೆಲ್ಲಗೆ ಮತ್ತೆ ಸೇರುತ್ತಾರೆ, ಹೊರಗಿನಿಂದ ಕೇಳುವವರಿಗೆ ದನಿ ಕಡಿಯುವುದೇ ಇಲ್ಲ. ಬಾಯಿಯ ಆಕಾರವನ್ನೂ ಹೊಂದಿಸಿಕೊಂಡಿದ್ದಾರೆ. ನಾಲ್ವರಲ್ಲಿ ಒಬ್ಬರು ‘ಓ’ ಅಂದು ಇನ್ನೊಬ್ಬರು ‘ಆ’ ಕಡೆ ಬಾಯಿ ತೆರೆದರೆ ಸ್ವರ ಸರಿ ಇದ್ದರೂ ದನಿ ಕೂಡುವುದಿಲ್ಲ, ಕೂಡಿ ಹಾಡುವ ಬಹಳ ಮೇಳಗಳು ಸೋಲುವುದು ಇದೇ ಜಾಗದಲ್ಲಿ. ಇವರು ಗೆದ್ದಿದ್ದಾರೆ. ಪೇಟಿ ಇಲ್ಲ, ಗಿಟಾರು ಇಲ್ಲ, ದಮ್ಮಡಿಯ ಒಂದೊಂದೇ ಪೆಟ್ಟು. ಗುಡಿಕಟ್ಟೆಯಲ್ಲಿ ಹತ್ತಾರು ಕಣ ಮಾಡಿದ ಮುದುಕರು ತಾವಾಗಿ ‘ಓ’ ಹಿಡಿದರು, ಮೇಳದವರು ಅವರಿಗೆ ಜಾಗ ಬಿಟ್ಟು ಮೇಲಿನ ಸ್ವರಕ್ಕೆ ಸರಿದರು. ತಾಲೀಮು ಮಾಡಿ ಬರುವ ಗುಣವಲ್ಲ ಅದು, ಕಿವಿ ತೆರೆದಿರಬೇಕು.

ಒಂದೇ ಕೊರತೆ, ವೇಗ. ಎತ್ತಿನ ನಡಿಗೆಯ ಹಾಡು ಇದು. ಮೊದಲ ಮೂರು ಸುತ್ತು ಸರಿಯಾಗಿ ನಡೆಯುತ್ತಾರೆ, ನಾಲ್ಕನೆಯ ಸುತ್ತಿಗೆ ಬ್ಯಾಂಜೊ ಸೇರುತ್ತದೆ, ಅಲ್ಲಿಂದ ಎತ್ತು ಓಡಲು ಶುರು. ಬ್ಯಾಂಜೊದ ತಂತಿ ಮೀಟಿದೊಡನೆ ಸತ್ತುಹೋಗುತ್ತದೆ, ಎಳೆದು ನಿಲ್ಲುವ ಗುಣ ಅದಕ್ಕಿಲ್ಲ, ಹಾಗಾಗಿ ಖಾಲಿ ತುಂಬಲು ಕೈ ತಾನಾಗಿ ಅವಸರ ಮಾಡುತ್ತದೆ. ಹಂತಿಪದಕ್ಕೆ ಬ್ಯಾಂಜೊ ಬೇಡ. ಪಕ್ಕಕ್ಕಿಟ್ಟು ಅವನು ಬರೀ ಹಾಡಲಿ.

ಸೋಬಾನೆ ಎರಡಿವೆ, ಪರವಾಗಿಲ್ಲ. ಇಂಗ್ಲಿಷ್ ಹಾಡುಗಳ ಉಚ್ಚಾರ ಸ್ವಚ್ಛವಾಗಿದೆ, ಅಮೆರಿಕದವರಂತೆ ಮೂಗಿನಿಂದ ಹಾಡಲು ಹೆಣಗುವುದಿಲ್ಲ, ನಮ್ಮ ನಾಲಗೆಯಲ್ಲೇ ಹಾಡುತ್ತಾರೆ. ಪ್ರತಿ ಹಾಡಿಗೂ ಮೊದಲು ಕನ್ನಡದಲ್ಲಿ ನಾಲ್ಕು ಮಾತು ಹೇಳುವುದು ಒಳ್ಳೆಯ ಪದ್ಧತಿ: ಗಣಿಯಲ್ಲಿ ಸತ್ತವನ ಹಾಡೋ, ನದಿ ದಾಟುವ ಹಾಡೋ ಗೊತ್ತಾದರೆ ಸಾಲು ತಿಳಿಯದವರೂ ಜೊತೆಗೆ ನಡೆಯುತ್ತಾರೆ. ಗಣಿ ಹಾಡಿನ ಹೊತ್ತಿಗೆ ಸಂಡೂರಿನ ಕೆಂಪು ದೂಳು ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕರೆಸುವವರು ಗಮನ ಕೊಡಬೇಕಾದದ್ದು ಸೌಂಡ್ ಕಡೆಗೆ. ಇವರದು ಒಂದೇ ಮೈಕಿನ ಪದ್ಧತಿ, ಹಳೆಯ ಬ್ಲೂಗ್ರಾಸ್ ಮೇಳಗಳದ್ದು. ದನಿ ಹಿಡಿಯುವ ಪೊರೆ ದೊಡ್ಡದಿರುವ ಕಂಡೆನ್ಸರ್ ಮೈಕ್ ಒಂದನ್ನು ನಡುವೆ ನಿಲ್ಲಿಸಿ ನಾಲ್ವರೂ ಅರೆಚಂದ್ರದಂತೆ ಸುತ್ತ ನಿಲ್ಲುತ್ತಾರೆ, ಬಾಯಿಗೂ ಮೈಕಿಗೂ ಒಂದೂವರೆ ಎರಡು ಅಡಿ. ದನಿ ಹೆಚ್ಚು ಕಡಿಮೆ ಮಾಡುವುದು ಮಿಕ್ಸರಿನಲ್ಲಲ್ಲ, ಕಾಲಿನಲ್ಲಿ. ನುಡಿ ಹಾಡುವವರು ಒಂದು ಹೆಜ್ಜೆ ಮುಂದೆ, ಮುಗಿದ ಮೇಲೆ ಹಿಂದೆ. ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ಅರ್ಧ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಜೊ ಜೋರಿನ ವಾದ್ಯ, ಅವನು ಉಳಿದವರಿಗಿಂತ ಗೇಣುದ್ದ ಹಿಂದೆ ನಿಲ್ಲಬೇಕು, ಪೇಟಿ ಮೇಜಿನ ಮೇಲೆ ಪಕ್ಕಕ್ಕೆ.

ಮೈಕ್ ಅವರೇ ತರುತ್ತಾರೆ. ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ವೈರಿನಲ್ಲೇ ಬರುವ ಕರೆಂಟ್ ಬೇಕು. ಹಳ್ಳಿಯ ಶಾಮಿಯಾನದವರ ಹತ್ತಿರ ಇರುವ ಎಷ್ಟೋ ಆಂಪ್ಲಿಫೈಯರುಗಳಲ್ಲಿ ಅದು ಇರುವುದಿಲ್ಲ, ಮೈಕ್ ಚುಚ್ಚಿದರೆ ಸದ್ದೇ ಬರುವುದಿಲ್ಲ, ಎಲ್ಲರೂ ವೈರ್ ಬದಲಿಸುತ್ತ ಕೂರುತ್ತಾರೆ. ಫ್ಯಾಂಟಮ್ ಇರುವ ಸಣ್ಣ ಮಿಕ್ಸರ್ ಒಂದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಸ್ಪೀಕರ್ ಬಾಕ್ಸುಗಳು ಮೈಕಿಗಿಂತ ಹತ್ತು ಅಡಿಯಾದರೂ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು. ಹಾಡುವವರ ಕಡೆ ಮುಖ ಮಾಡಿದ ಮಾನಿಟರ್ ಇಡಲೇಬಾರದು, ಇಟ್ಟರೆ ಕುಂಯ್ ಅನ್ನುತ್ತದೆ. ಒಬ್ಬರ ದನಿ ಒಬ್ಬರಿಗೆ ನೇರವಾಗಿ ಕೇಳುವುದರಿಂದ ಅವರಿಗೆ ಅದು ಬೇಕಾಗಿಯೂ ಇಲ್ಲ.

ಎಕೋ ಬಂದ್ ಮಾಡಿಸಿ. ಇದನ್ನು ಎರಡು ಸಲ ಹೇಳಬೇಕು, ಯಾಕೆಂದರೆ ನಮ್ಮ ಸೌಂಡಿನವರ ಕೈ ತಾನಾಗಿ ಆ ಗುಂಡಿಗೆ ಹೋಗುತ್ತದೆ. ಒಂಟಿ ದನಿಗೆ ಎಕೋ ಮೆರುಗು ಕೊಡಬಹುದು. ಮೂರು ದನಿ ಸ ಗ ಪ ಹಿಡಿದು ಮುಂದಿನ ಜೋಡಣೆಗೆ ಹೋದಾಗ ಹಿಂದಿನದು ಇನ್ನೂ ಮೊಳಗುತ್ತಿದ್ದರೆ ಎರಡೂ ಕಲಸಿಹೋಗುತ್ತವೆ. ಕಲ್ಯಾಣ ಮಂಟಪದ ಟೈಲ್ಸ್ ಗೋಡೆ ತಾನೇ ಬೇಕಾದಷ್ಟು ಎಕೋ ಕೊಡುತ್ತದೆ, ಅಲ್ಲಿ ಜಮಖಾನ ಹಾಸಿ ಜನರನ್ನು ನೆಲಕ್ಕೆ ಕೂರಿಸಿದರೆ ಸ್ವಲ್ಪ ತಗ್ಗುತ್ತದೆ. ಕೆಳಸ್ವರ ಕತ್ತರಿಸುವ ಲೋ ಕಟ್ ಗುಂಡಿಯನ್ನು 80 ಕಂಪನಕ್ಕಿಂತ (ಹರ್ಟ್ಸ್) ಮೇಲಕ್ಕೆ ಏರಿಸಬೇಡಿ. 120ಕ್ಕೆ ಇಟ್ಟರೆ ತಳದ ದನಿಯ ಆ 104ರ ಸ ಬಡವಾಗುತ್ತದೆ. ವೇದಿಕೆಯ ಮೇಲೆ ನಿಂತ ಫ್ಯಾನ್ ಇದ್ದರೆ ಆ ಒಂದೂವರೆ ತಾಸು ಆರಿಸಿ, ಕಂಡೆನ್ಸರ್ ಮೈಕ್ ಗಾಳಿಯನ್ನೂ ಹಾಡುತ್ತದೆ.

ಒಂದು ಮೈಕಿನಲ್ಲಿ ಇನ್ನೂರು ಜನರವರೆಗೆ ಸುಖವಾಗಿ ಕೇಳಬಹುದು, ಅದಕ್ಕಿಂತ ದೊಡ್ಡ ಬಯಲಾದರೆ ಆಗದು. ಜಾತ್ರೆಯ ವೇದಿಕೆಗೆ ಕರೆಸುವುದಾದರೆ ಒಂದೇ ಬಗೆಯ ನಾಲ್ಕು ಸಾದಾ ಮೈಕ್, ನಾಲ್ಕಕ್ಕೂ ಒಂದೇ ಮಟ್ಟ, ಬಾಯಿಯಿಂದ ನಾಲ್ಕು ಬೆರಳು ದೂರ ಎಂದು ಮೊದಲೇ ತಿಳಿಸಿ. ಬೇರೆ ಬೇರೆ ಬಗೆಯ ಮೈಕ್ ಕೊಟ್ಟರೆ ಒಬ್ಬರ ದನಿ ತೆಳುವಾಗಿ, ಇನ್ನೊಬ್ಬರದು ದಪ್ಪವಾಗಿ ಬರುತ್ತದೆ, ಎಷ್ಟು ತಾಲೀಮು ಮಾಡಿದ್ದರೂ ದನಿ ಕೂಡುವುದಿಲ್ಲ.

ಮದುವೆಯ ಆರತಕ್ಷತೆಗೆ ಕರೆಸಬೇಡಿ. ಊಟ, ಫೋಟೊ, ಮಾತಿನ ನಡುವೆ ಕೆಳದನಿ ಯಾರಿಗೂ ಮುಟ್ಟುವುದಿಲ್ಲ, ದುಡ್ಡು ದಂಡ. ಮಠದ ತಿಂಗಳ ಶಿವಾನುಭವ ಗೋಷ್ಠಿ, ಕಾಲೇಜಿನ ಸಂಜೆ, ಊರ ಗುಡಿಕಟ್ಟೆ ಸರಿಯಾದ ಜಾಗ. ಮಾತು ಎರಡು ತಾಸು ಆದ ಮೇಲೆ ಹಾಡಿಗೆ ಬಿಡಬೇಡಿ, ಹಾಡು ಮೊದಲು ಇರಲಿ. ಕಾರ್ಯಕ್ರಮಕ್ಕೆ ಎರಡು ತಾಸು ಮೊದಲು ಜಾಗ ಅವರ ಕೈಗೆ ಸಿಗಬೇಕು. ಕುಡಿಯಲು ಬಿಸಿನೀರು, ತೋಳಿಲ್ಲದ ಎರಡು ಕುರ್ಚಿ, ಒಂದು ಗಟ್ಟಿ ಮೇಜು ಸಾಕು. ಕರೆಂಟ್ ಹೋದರೆ ಜನರೇಟರ್ ಹಚ್ಚಲು ಓಡಾಡಬೇಡಿ, ಐವತ್ತು ಜನ ಹತ್ತಿರ ಬಂದು ಕೂತರೆ ಮೈಕಿಲ್ಲದೆ ಹಾಡುತ್ತಾರೆ. ಗುಡಿಕಟ್ಟೆಯಲ್ಲಿ ಹಾಗೇ ಆಯಿತು, ಹಂತಿಪದ ಹಾಡಿದ್ದು ಕತ್ತಲಲ್ಲೇ.